ಆರ್ಚ್ (ಕಮಾನು) ಡ್ಯಾಂನ ಕಂಪ್ಯೂಟರ್ ಮಾಡೆಲ್ ಪೆಂಡುಲಮ್ (ಡ್ಯಾಂ ಎಷ್ಟು ಸರೀತು ಅಂತ ಅಳೆಯೋ ತೂಗುತಂತಿ) ರೀಡಿಂಗ್‌ಗೆ ಕೂಡ್ತಿಲ್ಲ, ಯಾವ್ದನ್ನ ಬದಲಾಯಿಸ್ಲಿ?

ಗ್ಯಾಲರಿದೀಪ:
ನೀರು ತುಂಬಿದಾಗ ಕ್ರೆಸ್ಟು (ಡ್ಯಾಂ ನೆತ್ತಿ) ಡೌನ್‌ಸ್ಟ್ರೀಮ್ (ನೀರು ಹರಿದು ಹೋಗೋ) ಕಡೆ ಸರಿಯೋದು ನನ್ನ ಮಾಡೆಲ್‌ನಲ್ಲಿ ಕಮ್ಮಿ ಬರ್ತಿದೆ. ಕಾಂಕ್ರೀಟಿನ ಮಾಡ್ಯುಲಸ್ (ಬಿಗಿತದ ಅಳತೆ) ಇಳಿಸಿದ್ರೆ ಫುಲ್ ಲೆವೆಲ್‌ಗೆ ಕೂಡತ್ತೆ, ಬೇಸಿಗೇಲಿ ಮತ್ತೆ ಕೆಡತ್ತೆ. ಬಂಡೆ ಮೆತ್ತಗೆ ಮಾಡಿದ್ರೂ ಕ್ರೆಸ್ಟಲ್ಲಿ ಹೆಚ್ಚುಕಮ್ಮಿ ಅದೇ ಉತ್ತರ. ಯಾವ್ದನ್ನ ನಂಬೋದು?

ಕಮಾನು:
ಮೊದ್ಲು ಬಿಸಿಲಿನ ಪಾಲನ್ನೂ ನೀರಿನ ಪಾಲನ್ನೂ ಬೇರೆ ಮಾಡಿ ಸರ್. ಚಳೀಲಿ ಕಾಂಕ್ರೀಟ್ ಕುಗ್ಗಿ ಕಮಾನು ಡೌನ್‌ಸ್ಟ್ರೀಮ್‌ಗೆ ಹೋಗತ್ತೆ, ಬೇಸಿಗೇಲಿ ಹಿಗ್ಗಿ ಅಪ್‌ಸ್ಟ್ರೀಮ್‌ಗೆ ಬರತ್ತೆ, ಇದನ್ನ ಬಿಟ್ಟು ಮಾಡ್ಯುಲಸ್ ತಿರುಗಿಸ್ತಾ ಕೂತ್ರೆ ಶಾಖದ ತಪ್ಪೆಲ್ಲ ಮಾಡ್ಯುಲಸ್ ತಲೆಗೇ ಬೀಳತ್ತೆ. ಬೇರೆ ಬೇರೆ ವರ್ಷದ್ದು, ಆದ್ರೆ ಅದೇ ತಿಂಗಳಿನ, ನೀರಿನ ಮಟ್ಟ ಮಾತ್ರ ಬೇರೆ ಇರೋ ಎರಡು ರೀಡಿಂಗ್ ತಗೊಂಡು ಕಳೀರಿ, ಶಾಖದ್ದು ಬಹುಪಾಲು ಹೊರಟುಹೋಗತ್ತೆ, ಉಳಿದ ವ್ಯತ್ಯಾಸಕ್ಕೆ ಮಾತ್ರ ಮಾಡೆಲ್ ಹೊಂದಿಸಿ. ಮಾಡೆಲ್‌ಗೆ ಬರೀ ಗಾಳಿಯ ಉಷ್ಣತೆ ಕೊಟ್ಟಿದ್ರೆ ಅದೂ ಸಾಲಲ್ಲ. ದಿನದ ಏರಿಳಿತ ಮೈಯಿಂದ ಒಂದು ಮೀಟರ್ ಒಳಗೂ ಸರಿಯಾಗಿ ಇಳಿಯಲ್ಲ, ವರ್ಷದ್ದು ಹಲವು ಮೀಟರ್ ಹೋಗತ್ತೆ, ಹಾಗಾಗಿ ತೆಳ್ಳಗಿರೋ ಕ್ರೆಸ್ಟ್ ಬೇಗ ಕಾಯತ್ತೆ, ದಪ್ಪನೆ ಬುಡ ತಿಂಗಳುಗಟ್ಟಲೆ ಹಿಂದೆ ಉಳಿಯತ್ತೆ. ಡ್ಯಾಂ ಒಳಗೆ ಹುದುಗಿಸಿರೋ ಥರ್ಮಾಮೀಟರ್ ಡೇಟಾ ಇದ್ರೆ ಅದನ್ನೇ ಹಾಕಿ.

ಬಂಡೆಬುಡ:
ಬಂಡೆಯೋ ಕಾಂಕ್ರೀಟೋ ಅನ್ನೋದು ಕ್ರೆಸ್ಟ್ ರೀಡಿಂಗ್ ಒಂದರಿಂದ ಗೊತ್ತಾಗಲ್ಲ. ಬಂಡೆ ಆಳದಲ್ಲಿ ಆ್ಯಂಕರ್ ಮಾಡಿರೋ ಇನ್ವರ್ಟೆಡ್ ಪೆಂಡುಲಮ್ ಇದ್ಯಾ? ಬುಡ ಎಷ್ಟು ಸರೀತು ಅಂತ ಅದು ಹೇಳತ್ತೆ, ಅದಕ್ಕೆ ಮೊದ್ಲು ಬಂಡೆ ಹೊಂದಿಸಿ, ಆಮೇಲೆ ಮೇಲಿನ ಮಟ್ಟಗಳಿಗೆ ಕಾಂಕ್ರೀಟ್. ಮಾಮೂಲಿ ಪೆಂಡುಲಮ್ ತೋರ್ಸೋದು ಎರಡು ಬಿಂದುಗಳ ನಡುವಿನ ವ್ಯತ್ಯಾಸ ಮಾತ್ರ, ಮಾಡೆಲಿನ ಪೂರ್ತಿ ಸರಿತವನ್ನ ಅದಕ್ಕೆ ಹೋಲಿಸಬೇಡಿ. ಇನ್ನೊಂದು, ಕಂಪನ ಅಳೆದು ತೆಗೆದ ಮಾಡ್ಯುಲಸ್ಸನ್ನ ಇಲ್ಲಿ ಹಾಕ್ಬೇಡಿ, ವರ್ಷಗಟ್ಟಲೆ ಭಾರ ಹೊತ್ತ ಕಾಂಕ್ರೀಟ್ ಕ್ರೀಪ್ ಆಗಿ (ಭಾರಕ್ಕೆ ನಿಧಾನವಾಗಿ ಮಣಿದು) ಅದಕ್ಕಿಂತ ಮೆತ್ತಗೇ ವರ್ತಿಸತ್ತೆ.

ಗ್ಯಾಲರಿದೀಪ:
ಇನ್ವರ್ಟೆಡ್ ಪೆಂಡುಲಮ್ ಇದೆ, ಡೇಟಾದ ಆ ಕಾಲಂ ನಾನು ಬಳಸೇ ಇರ್ಲಿಲ್ಲ. ಎಲ್ಲಾ ವರ್ಷದ ಡೇಟಾನೂ ಫಿಟ್ಟಿಗೆ ಹಾಕ್ಲಾ?

ಮಳೆಮಾಪಕ:
ಬೇಡ. ಕೊನೇ ಕೆಲವು ವರ್ಷ ಎತ್ತಿಟ್ಟು, ಹೊಂದಿಸಿದ ಮಾಡೆಲ್ ಅದನ್ನ ಮೊದಲೇ ಹೇಳತ್ತಾ ನೋಡಿ. ಉಳಿಯೋ ವ್ಯತ್ಯಾಸ ಒಂದೇ ದಿಕ್ಕಿಗೆ ಬೆಳೀತಿದ್ರೆ ದಯವಿಟ್ಟು ಅದನ್ನ ಟ್ಯೂನ್ ಮಾಡಿ ಅಳಿಸ್ಬೇಡಿ. ಸ್ವಿಟ್ಜರ್‌ಲೆಂಡಿನ ಜೊಜಿಯೆ ಅನ್ನೋ 156 ಮೀಟರ್ ಎತ್ತರದ ಆರ್ಚ್ ಡ್ಯಾಂ ಇಪ್ಪತ್ತು ವರ್ಷ ನೆಟ್ಟಗಿದ್ದು 1978ರಲ್ಲಿ ಇದ್ದಕ್ಕಿದ್ದಂಗೆ ಅಪ್‌ಸ್ಟ್ರೀಮ್ ಕಡೆ ವಾಲೋಕೆ ಶುರುವಾಯ್ತು, ಪೆಂಡುಲಮ್ಮೇ ಅದನ್ನ ಹಿಡಿದಿದ್ದು. ದೂರದಲ್ಲಿ ಕೊರೀತಿದ್ದ ಸುರಂಗ ಬಂಡೆಯೊಳಗಿನ ನೀರು ಬಸಿದುಬಿಟ್ಟಿತ್ತು, ನೆಲ ಕುಸಿದು ಕಣಿವೆ ಎರಡೂ ಕಡೆಯಿಂದ ಒತ್ತಿಕೊಂಡಿತ್ತು. ಯಾವ ಮಾಡ್ಯುಲಸ್ ಹಾಕಿದ್ರೂ ಅದು ಕೂಡ್ತಿರ್ಲಿಲ್ಲ. ನಿಮ್ಮ ವ್ಯತ್ಯಾಸದ ಗ್ರಾಫ್ ಹಾಕಿ, ನೋಡೋಣ.