ಫರ್ರಿ ಕಲೆ ಮತ್ತು ಕಥೆ: ಬೆಂಗಳೂರಿನಲ್ಲಿ ಹೊಸದಾಗಿ ಬರುವವರು ಎಲ್ಲಿಂದ ಆರಂಭಿಸಬೇಕು?

ಸೀಸದಕಡ್ಡಿ (ಬಸವನಗುಡಿ):

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ವೃತ್ತಿ. ಇತ್ತೀಚೆಗೆ ಹೊರದೇಶದ ಗ್ರಾಹಕರೊಬ್ಬರು ತಮ್ಮ ತೋಳದ ಪಾತ್ರಕ್ಕೆ ರೆಫ್ ಶೀಟ್ (ಪಾತ್ರದ ರೂಪ, ಬಣ್ಣಗಳನ್ನು ತೋರಿಸುವ ಮಾದರಿ ಚಿತ್ರ) ಮಾಡಿಕೊಡುವಂತೆ ಕೇಳಿದರು. ಬಾಲದ ತುದಿಯ ಬಣ್ಣ, ಅಂಗಾಲಿನ ಮೆತ್ತೆಯ ಬಣ್ಣ, ಎಡಗಿವಿಯಲ್ಲಿರುವ ಹಳೆಯ ಸೀಳು, ಇವೆಲ್ಲವನ್ನೂ ಅವರು ವಿವರಿಸಿದಷ್ಟು ನಿಖರವಾಗಿ ಯಾವ ಪ್ರಕಾಶಕರೂ ನನಗೆ ಸೂಚನೆ ಕೊಟ್ಟಿಲ್ಲ. ಆ ತೋಳ ಯಾವ ಪುಸ್ತಕದ್ದೂ ಅಲ್ಲ, ಸಿನಿಮಾದ್ದೂ ಅಲ್ಲ. ಅದು ಅವರದೇ, ಅವರು ವರ್ಷಗಳಿಂದ ಬೆಳೆಸಿಕೊಂಡು ಬಂದದ್ದು. ಕೆಲಸ ಮುಗಿದ ಮೇಲೆ ಕುತೂಹಲದಿಂದ ಹುಡುಕಿದಾಗ ಮನುಷ್ಯರಂತೆ ಮಾತನಾಡುವ, ನಡೆದುಕೊಳ್ಳುವ ಪ್ರಾಣಿಪಾತ್ರಗಳನ್ನು ಇಷ್ಟಪಡುವವರ ಫರ್ರಿ ಎಂಬ ದೊಡ್ಡ ಸಮುದಾಯವೇ ಇದೆಯೆಂದು ತಿಳಿಯಿತು.

ಪಂಚತಂತ್ರ ಕೇಳಿ, ನವರಾತ್ರಿಯಲ್ಲಿ ಹುಲಿವೇಷ ನೋಡಿ ಬೆಳೆದ ನಮಗೆ ಮಾತನಾಡುವ ಪ್ರಾಣಿ ಹೊಸದಲ್ಲ. ಹಾಗಾದರೆ ಇಲ್ಲಿ ಹೊಸದೇನು? ಕನ್ನಡದಲ್ಲಿ ಇಂಥ ಕಥೆ ಬರೆಯಲು ಅವಕಾಶವಿದೆಯೇ? ಬೆಂಗಳೂರಿನಲ್ಲಿ ಈ ಆಸಕ್ತಿಯುಳ್ಳವರು ಹೇಗೆ ಸೇರುತ್ತಾರೆ, ವೇಷವನ್ನೂ ಮಾಡಿಕೊಳ್ಳುತ್ತಾರೆಯೇ? ಇವರೆಲ್ಲ ತಾವೇ ಪ್ರಾಣಿಗಳೆಂದು ನಂಬಿದವರು ಎಂದು ಸ್ನೇಹಿತರೊಬ್ಬರು ಹೇಳಿದರು. ಅದು ನಿಜವೇ ಎಂಬುದನ್ನೂ ತಿಳಿದವರು ಹೇಳಬೇಕಾಗಿ ಕೋರುತ್ತೇನೆ.

ಕಾಡುಪಾಪ:

ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ನಿಜವಲ್ಲ. ಬಹುಪಾಲು ಫರ್ರಿಗಳಿಗೆ ತಮ್ಮದೇ ಒಂದು ಪ್ರಾಣಿಪಾತ್ರವಿರುತ್ತದೆ, ಅದನ್ನು ಫರ್‌ಸೋನಾ ಎನ್ನುತ್ತಾರೆ. ಕಾದಂಬರಿಕಾರನಿಗೆ ತನ್ನ ನಾಯಕನೊಂದಿಗೆ ಇರುವಂಥ ಸಂಬಂಧವೇ ಅಲ್ಲಿಯದು. ಪೂರ್ಣ ವೇಷ, ಅಂದರೆ ಫರ್‌ಸೂಟ್, ಇರುವವರು ಅಲ್ಪಸಂಖ್ಯಾತರು. ಪತ್ರಿಕೆಗಳ ಛಾಯಾಚಿತ್ರಗಳಲ್ಲಿ ವೇಷಧಾರಿಗಳೇ ಕಾಣುವುದರಿಂದ ಎಲ್ಲರೂ ಹಾಗೆಯೇ ಎಂಬ ಭಾವನೆ ಬೆಳೆದಿದೆ.

ಇದರ ಬೇರು ಅಮೆರಿಕದ ವೈಜ್ಞಾನಿಕ ಕಥಾಸಾಹಿತ್ಯದ ಸಮ್ಮೇಳನಗಳಲ್ಲಿದೆ. 1980ರಲ್ಲಿ ಬಾಸ್ಟನ್‌ನ ಸಮ್ಮೇಳನವೊಂದರಲ್ಲಿ ಸ್ಟೀವ್ ಗಲ್ಲಾಚಿ ಎಂಬ ಕಲಾವಿದರು ಪ್ರದರ್ಶಿಸಿದ ಚಿತ್ರದ ಸುತ್ತ ಪ್ರಾಣಿಪಾತ್ರಗಳನ್ನು ಗಂಭೀರ ಕಥೆಗಳಿಗೆ ಬಳಸುವ ಬಗ್ಗೆ ಚರ್ಚೆ ಆರಂಭವಾಯಿತು. ಆಮೇಲೆ ಸದಸ್ಯರು ತಮ್ಮ ಪುಟಗಳನ್ನು ತಾವೇ ಮುದ್ರಿಸಿ ಕಳುಹಿಸಿ, ಒಟ್ಟುಗೂಡಿಸಿದ ಪ್ರತಿಯನ್ನು ಅಂಚೆಯಲ್ಲಿ ಹಂಚಿಕೊಳ್ಳುವ ಖಾಸಗಿ ಪತ್ರಿಕೆಗಳು ನಡೆದವು. 1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ ಫರ್ರಿಗಳದ್ದೇ ಆದ ಮೊದಲ ಸಮ್ಮೇಳನ ನಡೆದಾಗ ಬಂದವರು 65 ಮಂದಿ. 1997ರಲ್ಲಿ ಆರಂಭವಾಗಿ 2006ರಿಂದ ಪಿಟ್ಸ್‌ಬರ್ಗ್‌ನಲ್ಲಿ ನಡೆಯುತ್ತಿರುವ ಆಂಥ್ರೋಕಾನ್ ಸಮ್ಮೇಳನಕ್ಕೆ 2024ರಲ್ಲಿ 17 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು.

ಇಲ್ಲಿ ಎಲ್ಲರೂ ಓದಲೇಬೇಕಾದ ಒಂದು ಮೂಲ ಕೃತಿ ಇಲ್ಲ ಎಂಬುದನ್ನು ಗಮನಿಸಿ. ಬೇರೆ ಅಭಿಮಾನಿ ಬಳಗಗಳಲ್ಲಿ ಒಂದು ಸಿನಿಮಾ, ಒಂದು ಸಂಸ್ಥೆಯ ಒಡೆತನದ ಪಾತ್ರಗಳು ಕೇಂದ್ರದಲ್ಲಿರುತ್ತವೆ. ಇಲ್ಲಿ ಅಭಿಮಾನಿಗಳೇ ಪಾತ್ರವನ್ನು ಹುಟ್ಟಿಸಿ, ಅದನ್ನು ಚಿತ್ರಿಸಲು ಮತ್ತೊಬ್ಬ ಅಭಿಮಾನಿಗೆ ನೇರವಾಗಿ ಹಣ ಕೊಡುತ್ತಾರೆ. ನಿಮ್ಮ ತೋಳದ ಕೆಲಸ ಬಂದದ್ದು ಹೀಗೆಯೇ.

ಓಲೆಗರಿ:

ಸಂಭ್ರಮ ಸರಿ. ಆದರೆ ದುರ್ಗಸಿಂಹ 1031ರ ಸುಮಾರಿಗೇ ವಸುಭಾಗಭಟ್ಟನ ಸಂಸ್ಕೃತ ಆವೃತ್ತಿಯನ್ನು ಅನುಸರಿಸಿ ಕನ್ನಡದಲ್ಲಿ ಪಂಚತಂತ್ರ ಬರೆದಿದ್ದಾನೆ. ಹುಲಿಯಾಗಿ ಕುಣಿಯುವುದನ್ನು ಕರಾವಳಿಯವರಿಗೆ ಅಮೆರಿಕದವರು ಕಲಿಸಬೇಕಾಗಿಲ್ಲ. ಇರುವುದನ್ನೇ ಹೊರಗಿನ ಹೆಸರಿಟ್ಟು ತರುತ್ತಿದ್ದೇವೆ ಎಂದು ನನ್ನ ಅಭಿಪ್ರಾಯ.

ಕಾಡುಪಾಪ:

ಪ್ರಾಚೀನತೆಯ ವಿಷಯದಲ್ಲಿ ವಿವಾದವಿಲ್ಲ, ಆದರೆ ಎರಡನ್ನೂ ಒಂದೇ ಎನ್ನಲು ನಾನು ಒಪ್ಪುವುದಿಲ್ಲ. ಪಂಚತಂತ್ರದ ನರಿಗೆ ನರಿಯ ಸ್ವಭಾವವೆಂದು ಲೋಕ ಒಪ್ಪಿದ ಒಂದು ಗುಣ ಸಾಕು. ಅದರ ಮೂಗಿಗೆ ಏನು ವಾಸನೆ ಬಡಿಯಿತು, ಮಳೆಯಲ್ಲಿ ನೆನೆದ ಅದರ ತುಪ್ಪಳ ಒಣಗಲು ಎಷ್ಟು ಹೊತ್ತು ಬೇಕಾಯಿತು ಎಂಬುದು ನೀತಿಗೆ ಅಪ್ರಸ್ತುತ. ಹುಲಿವೇಷದಲ್ಲಿ ಎಷ್ಟೋ ಜನ ಹರಕೆ ಹೊತ್ತು ಬಣ್ಣ ಬಳಿಸಿಕೊಳ್ಳುತ್ತಾರೆ, ತಾಸೆ ವಾದ್ಯದ ಬಡಿತಕ್ಕೆ ತಂಡವಾಗಿ ಕುಣಿಯುತ್ತಾರೆ. ಅಲ್ಲಿರುವ ಹುಲಿ ಸಮುದಾಯದ್ದು, ದೇವಿಯ ವಾಹನ. ಅದನ್ನು ಯಾರೂ ನನ್ನದೆಂದು ಹೇಳಿ ಕಿವಿಗೊಂದು ಸೀಳು, ಬಾಲಕ್ಕೊಂದು ನೀಲಿ ತುದಿ ಸೇರಿಸಿ ಬದಲಾಯಿಸುವುದಿಲ್ಲ. ಫರ್ರಿ ಪಾತ್ರ ಅದಕ್ಕೆ ತದ್ವಿರುದ್ಧವಾಗಿ ಒಬ್ಬ ವ್ಯಕ್ತಿಯದು, ಆ ವ್ಯಕ್ತಿ ಬದಲಾದಂತೆ ಅದೂ ಬದಲಾಗುತ್ತದೆ.

ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂದು ಕೇಳಿದ್ದೀರಿ. ಸಮೀಕ್ಷೆಗಳಲ್ಲಿ ತೋಳವೇ ಅತಿ ಜನಪ್ರಿಯ ಫರ್‌ಸೋನಾ. ನಾಯಿ, ನರಿ, ಡ್ರ್ಯಾಗನ್‌ಗಳೂ ಬಹಳ. ಹಿಮದ ಕಾಡಿನ ತೋಳವನ್ನು ನಾವೂ ಬರೆಯುತ್ತ ಕುಳಿತರೆ ಅನುಕರಣೆಯಾದೀತು. ನನ್ನ ಪಾತ್ರ ಕಾಡುಪಾಪ, ಏಕೆಂದರೆ ಅದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲಿ ಇಂದಿಗೂ ಇರುವ ಅಪ್ಪಟ ಬೆಂಗಳೂರಿನ ಜೀವಿ. ಅದು ನಿಶಾಚರಿ, ಆದ್ದರಿಂದ ನನ್ನ ಕಥೆಯಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದೆ. ಕಣ್ಣು ದೊಡ್ಡದು, ಕಚೇರಿಯ ಟ್ಯೂಬ್‌ಲೈಟ್ ಅದಕ್ಕೆ ಹಿಂಸೆ. ನೆಲಕ್ಕಿಳಿಯದೆ ಕೊಂಬೆಯಿಂದ ಕೊಂಬೆಗೆ ಸಾಗುವ ಪ್ರಾಣಿಯಾದ್ದರಿಂದ ರಸ್ತೆ ಅಗಲೀಕರಣಕ್ಕೆ ಸಾಲುಮರ ಕಡಿದ ಮರುದಿನ ಅದಕ್ಕೆ ಮನೆಗೆ ಹೋಗುವ ದಾರಿಯೇ ಇಲ್ಲ. ಇನ್ನೊಂದು ಸಂಗತಿಯನ್ನು ಸಂಕೋಚದಿಂದಲೇ ಹೇಳಬೇಕು: ಕಾಡುಪಾಪಗಳು ತಮ್ಮ ಮೂತ್ರದಿಂದ ಕೈಕಾಲು ಉಜ್ಜಿಕೊಳ್ಳುತ್ತವೆ. ಕಚೇರಿಯಲ್ಲಿ ಎಲ್ಲರೂ ಕೈಕುಲುಕುವ ಸಂದರ್ಭವನ್ನು ಬರೆಯುವಾಗ ಈ ಒಂದು ವಿವರದಿಂದ ಎರಡು ಪುಟ ತಾನಾಗಿ ಬಂದಿತು. ಪ್ರಾಣಿಯ ದೇಹವೇ ಕಥೆಯನ್ನು ನಡೆಸಬೇಕು. ಮುಖವಾಡ ತೆಗೆದರೆ ಒಳಗೆ ಸಾಮಾನ್ಯ ಮನುಷ್ಯನೇ ಉಳಿಯುವಂತಿದ್ದರೆ ಅದನ್ನು ಮನುಷ್ಯರ ಕಥೆಯಾಗಿಯೇ ಬರೆಯುವುದು ಲೇಸು.

ತುಪ್ಪಳದಂಗಡಿ:

ವೇಷದ ಬಗ್ಗೆ ನಾನು ಹೇಳಬಲ್ಲೆ. ರಂಗಭೂಮಿಗೆ ಉಡುಪು ಹೊಲಿಯುತ್ತಿದ್ದವಳು ಈ ಕೆಲಸಕ್ಕೆ ಬಂದವಳು ನಾನು.

ತಲೆಯ ಒಳಗಟ್ಟು ಸೋಫಾಕ್ಕೆ ಬಳಸುವ ಸ್ಪಂಜಿನದು. ಅದನ್ನು ಕತ್ತರಿಯಿಂದ ಕೆತ್ತಿ, ಬಿಸಿ ಅಂಟಿನಿಂದ ಕೂಡಿಸಿ, ಆಕಾರ ಬಂದ ಮೇಲೆ ಮೇಲಿಡೀ ಟೇಪು ಸುತ್ತಿ, ಕೂದಲು ಯಾವ ದಿಕ್ಕಿಗೆ ಹರಿಯಬೇಕೆಂದು ಬಾಣದ ಗುರುತು ಹಾಕಿ, ಆ ಟೇಪನ್ನು ತುಂಡು ತುಂಡಾಗಿ ಬಿಡಿಸಿದರೆ ಹೊಲಿಗೆಯ ಮಾದರಿ ಸಿದ್ಧ. ಕೃತಕ ತುಪ್ಪಳದ ಬಟ್ಟೆಯನ್ನು ಎಂದಿಗೂ ಮೇಲಿನಿಂದ ಕತ್ತರಿಸಬಾರದು. ಹಿಂಬದಿಯಿಂದ ಬ್ಲೇಡಿನಲ್ಲಿ ನೇಯ್ಗೆಯನ್ನು ಮಾತ್ರ ಸೀಳಬೇಕು, ಇಲ್ಲದಿದ್ದರೆ ಕೂದಲು ಮೊಟಕಾಗಿ ಹೊಲಿಗೆಯ ಗೆರೆ ಎದ್ದು ಕಾಣುತ್ತದೆ. ಮುಖದ ಭಾಗವನ್ನು ನಾಯಿಗಳ ಕೂದಲು ಕತ್ತರಿಸುವ ಯಂತ್ರದಿಂದ ತೆಳುವಾಗಿಸುತ್ತೇವೆ. ಕಣ್ಣಿನ ಪಾಪೆ ಪ್ಲಾಸ್ಟಿಕ್ ಜಾಲರಿಯದು: ಹೊರಗೆ ಬಣ್ಣ, ಒಳಗೆ ಕಪ್ಪು, ಆದ್ದರಿಂದ ಧರಿಸಿದವರಿಗೆ ಮಸುಕಾಗಿ ಹೊರಗಿನದು ಕಾಣುತ್ತದೆ. ಆ ಜಾಲರಿಯನ್ನು ಬಿಳಿಯ ಭಾಗಕ್ಕಿಂತ ತುಸು ಒಳಗೆ ಕೂರಿಸಿದರೆ ನೀವು ಎತ್ತ ಸರಿದರೂ ಪಾತ್ರ ನಿಮ್ಮನ್ನೇ ನೋಡುತ್ತಿರುವಂತೆ ತೋರುತ್ತದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ಸ್ಪಂಜು ಇಲ್ಲಿ ಸುಲಭವಾಗಿ ಸಿಗುತ್ತದೆ. ತುಪ್ಪಳದ್ದೇ ತೊಂದರೆ: ಚಿಕ್ಕಪೇಟೆಯ ಸುತ್ತಮುತ್ತ ನನಗೆ ಸಿಕ್ಕಿದ್ದು ಬಹುಪಾಲು ಗೊಂಬೆ ಹೊಲಿಯುವ ಗಿಡ್ಡ ಕೂದಲಿನ ಬಟ್ಟೆ. ಉದ್ದ ಕೂದಲಿನ ದಟ್ಟ ಬಟ್ಟೆಯನ್ನು ಹೊರದೇಶದಿಂದ ತರಿಸಿದರೆ ಸುಂಕ ಸೇರಿ ದುಬಾರಿಯಾಗುತ್ತದೆ, ಆದ್ದರಿಂದ ಆರಂಭದಲ್ಲಿ ತಲೆ, ಪಂಜ, ಬಾಲ ಇಷ್ಟನ್ನೇ ಮಾಡಿಕೊಂಡು ಉಳಿದದ್ದಕ್ಕೆ ಸಾಮಾನ್ಯ ಬಟ್ಟೆ ತೊಡಿ.

ಬೆಂಗಳೂರಿನ ಹವೆ ಹಿತವೆಂದು ನಂಬಿ ಏಪ್ರಿಲ್‌ನಲ್ಲಿ ತಲೆ ಏರಿಸಬೇಡಿ. ಡಿಸೆಂಬರ್ ಮತ್ತು ಜನವರಿಯ ಸಂಜೆ ಸೂಕ್ತ. ಮೂತಿಯೊಳಗೆ ಪುಟ್ಟ ಫ್ಯಾನ್ ಇಟ್ಟರೂ ಬೆವರು ನಿಲ್ಲದು, ಆಗಾಗ ತಲೆ ತೆಗೆದು ನೀರು ಕುಡಿಯಲೇಬೇಕು. ಪಕ್ಕದ ನೋಟ ಇಲ್ಲವೇ ಇಲ್ಲದ ಕಾರಣ ಜೊತೆಗೊಬ್ಬ ಸಹಾಯಕ ಕಡ್ಡಾಯ. ಮೆಟ್ಟಿಲು, ಬಾಲ ಎಳೆಯುವ ಮಕ್ಕಳು, ಬೀದಿನಾಯಿ ಇವು ಮೂರೂ ನಿಮಗೆ ಕಾಣುವುದಿಲ್ಲ. ಬೀದಿನಾಯಿಗಳಿಗೆ ಫರ್‌ಸೂಟ್ ಎಂದರೆ ಅಸಾಧ್ಯ ಸಿಟ್ಟು ಎಂಬುದನ್ನು ಅನುಭವದಿಂದ ಹೇಳುತ್ತಿದ್ದೇನೆ. ಮಳೆಗಾಲದಲ್ಲಿ ಒಣಗದೆ ಪೆಟ್ಟಿಗೆಗೆ ಹಾಕಿದ ತಲೆಗೆ ಬೂಷ್ಟು ಹಿಡಿದರೆ ಉಳಿಸುವುದು ಕಷ್ಟ.

ವೇಷ ಧರಿಸಿ ಹೋಗಲು ಸದ್ಯಕ್ಕೆ ಸಲೀಸಾದ ಸ್ಥಳವೆಂದರೆ ವೈಟ್‌ಫೀಲ್ಡ್‌ನ ಕೆಟಿಪಿಒ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಕಾಮಿಕ್ಸ್ ಅಭಿಮಾನಿಗಳ ಮೇಳ ಕಾಮಿಕ್ ಕಾನ್. ಅಲ್ಲಿ ಬಗೆಬಗೆಯ ವೇಷಧಾರಿಗಳ ನಡುವೆ ಯಾರೂ ಹುಬ್ಬೇರಿಸುವುದಿಲ್ಲ. ಬರೀ ಚಿತ್ರ ಬರೆಯುವವರಿಗೆ ಭಾನುವಾರದ ಕಬ್ಬನ್ ಪಾರ್ಕ್ ಸಾಕು, ಅಂದು ಒಳರಸ್ತೆಗಳಲ್ಲಿ ವಾಹನವೂ ಇರುವುದಿಲ್ಲ. ನಾವು ಕೆಲವರು ಸ್ಕೆಚ್ ಪುಸ್ತಕಗಳನ್ನು ಅದಲುಬದಲು ಮಾಡಿಕೊಂಡು ಒಬ್ಬರ ಪಾತ್ರವನ್ನು ಮತ್ತೊಬ್ಬರು ಬರೆಯುತ್ತೇವೆ. ವೇಷ ಯಾರೂ ತರುವುದಿಲ್ಲ. ಅಪರಿಚಿತರು ಬಂದು ಇಣುಕಿ ನೋಡಿ, ಮಕ್ಕಳ ಪುಸ್ತಕವೇ ಎಂದು ಕೇಳಿ ಹೋಗುತ್ತಾರೆ.

ಸೀಸದಕಡ್ಡಿ:

ತುಂಬಾ ಉಪಕಾರವಾಯಿತು. ಒಂದು ವ್ಯಾವಹಾರಿಕ ಪ್ರಶ್ನೆ ಉಳಿದಿದೆ. ಇಂಥ ಕೆಲಸವನ್ನು ನಿಯಮಿತವಾಗಿ ಒಪ್ಪಿಕೊಳ್ಳುವುದಾದರೆ ಏನನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು?

ಮಸಿಕುಡಿಕೆ:

ಹಕ್ಕಿನ ವಿಷಯವನ್ನು ಮೊದಲು ಬರೆದಿಡಿ. ಪಾತ್ರ ಗ್ರಾಹಕರದು, ಚಿತ್ರದ ಹಕ್ಕು ಕಲಾವಿದರದು ಎಂಬುದು ಫರ್ರಿ ವಲಯದ ವಾಡಿಕೆ. ಆದರೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಪ್ರಕರಣದಂತೆ, ಹಣ ಕೊಟ್ಟು ಬರೆಸಿದ ವರ್ಣಚಿತ್ರಕ್ಕೆ ಬೇರೆ ಒಪ್ಪಂದವಿಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ವಾಡಿಕೆಯನ್ನು ನಂಬಿ ಸುಮ್ಮನಿದ್ದರೆ ನಿಮ್ಮದೇ ಸಂಕಲನದಲ್ಲಿ ಆ ತೋಳವನ್ನು ಹಾಕಿಕೊಳ್ಳಲು ನಾಳೆ ಅನುಮತಿ ಬೇಡಬೇಕಾದೀತು, ಆದ್ದರಿಂದ ಎರಡು ಸಾಲಿನ ಷರತ್ತನ್ನು ಮಿಂಚಂಚೆಯಲ್ಲಿ ಒಪ್ಪಿಸಿಕೊಳ್ಳಿ.

ಹಣದ ವಿಷಯಕ್ಕೆ ಬಂದರೆ, ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆ 2021ರ ಏಪ್ರಿಲ್‌ನಿಂದ ದೇಶದೊಳಗಿನ ಪಾವತಿಯನ್ನು ನಿಲ್ಲಿಸಿದೆ. ಹೊರಗಿನ ಹಣ ಇಲ್ಲಿನ ಖಾತೆಗೆ ಸೇವೆಯ ಬೆಲೆಯಾಗಿಯೇ ಬರಬೇಕು, ಸ್ನೇಹಿತರಿಗೆ ಕಳುಹಿಸುವ ಬಗೆಯಲ್ಲಿ ಬರುವುದಿಲ್ಲ. ಬೆಂಗಳೂರಿನ ಗ್ರಾಹಕರಿದ್ದರೆ ಯುಪಿಐ ಸಾಕು.

ವಯಸ್ಕರ ಚಿತ್ರಗಳ ಪ್ರಶ್ನೆ ಬಂದೇ ಬರುತ್ತದೆ. ಈ ವಲಯದಲ್ಲಿ ಅವೂ ಇವೆ, ಇಲ್ಲವೆಂದು ಮರೆಮಾಚುವುದರಲ್ಲಿ ಅರ್ಥವಿಲ್ಲ. ಫರ್ರಿ ಕಲಾವಿದರು ಚಿತ್ರಗಳನ್ನು ಪ್ರಕಟಿಸುವ, 2005ರಿಂದ ಇರುವ ಫರ್ ಅಫಿನಿಟಿ ತಾಣದಲ್ಲಿ ಚಿತ್ರಗಳಿಗೆ ವಯೋಮಿತಿಯ ಗುರುತು ಹಾಕುವ ವ್ಯವಸ್ಥೆಯಿದೆ. ನೀವು ಮಕ್ಕಳ ಪುಸ್ತಕದವರಾದ್ದರಿಂದ ಏನನ್ನು ಬರೆಯುವುದಿಲ್ಲ ಎಂಬುದನ್ನು ದರಪಟ್ಟಿಯ ಮೊದಲ ಸಾಲಿನಲ್ಲೇ ಹೇಳಿಬಿಡಿ. ಯಾರೂ ಬೇಸರಪಡುವುದಿಲ್ಲ, ಹೆಚ್ಚಿನವರು ಹಾಗೆಯೇ ಮಾಡುತ್ತಾರೆ. ಅದೇ ತಾಣ 2022ರಲ್ಲಿ ಎಐ ಚಿತ್ರಗಳನ್ನು ನಿಷೇಧಿಸಿತು. ಕೈಯಿಂದ ಬರೆದದ್ದೇ ಎಂದು ಕೇಳುವ ಗ್ರಾಹಕರು ಈಗ ಸಾಮಾನ್ಯ, ಆದ್ದರಿಂದ ಕರಡು ಗೆರೆಗಳಿರುವ ಮೂಲ ಕಡತವನ್ನು ಅಳಿಸದೆ ಇಟ್ಟುಕೊಳ್ಳಿ. ಕರಡು ಚಿತ್ರಕ್ಕೆ ಒಪ್ಪಿಗೆ ಸಿಕ್ಕ ಕೂಡಲೇ ಅರ್ಧ ಹಣ ಕೇಳಲೂ ಅದೇ ಸರಿಯಾದ ಹಂತ.