ರೋಹಿಣಿಗೇ ಬಿತ್ತಬೇಕಾ, ಕಾಯಬೇಕಾ? ಖುಷ್ಕಿಯವರು ಸ್ವಲ್ಪ ಹೇಳಿ

ಕೇಳಿದವರು: ಶಿಕಾರಿಪುರದ ಕಡೆ ನಮ್ಮದು ಮೂರು ಎಕರೆ ಖುಷ್ಕಿ, ಮಳೆ ನಂಬಿದ ಹೊಲ. ಬೋರ್ ಇಲ್ಲ. ಬೆಂಗಳೂರು ಬಿಟ್ಟು ಬಂದು ಈ ಸಲ ನಾನೇ ಬೇಸಾಯಕ್ಕೆ ಇಳಿದಿದ್ದೇನೆ. ಅಪ್ಪ ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’ ಅಂತ ಗಾದೆ ಹೇಳಿ, ಮೇ ಕೊನೆಯ ಆ ಮೊದಲ ಮಳೆಗೇ ಗೋವಿನಜೋಳ (ಮೆಕ್ಕೆಜೋಳ) ಬಿತ್ತು ಅಂತಾರೆ. ಪಕ್ಕದ ಹೊಲದವರು ಮಳೆ ಲೆಕ್ಕ ಕೆಟ್ಟಿದೆ, ಕಾಯಿ ಅಂತಾರೆ. ನಿಜಕ್ಕೂ ಮಳೆ ಬದಲಾಗಿದೆಯಾ?

ಶಿಕಾರಿಪುರದಿಂದ: ಬದಲಾಗಿದೆ ತಮ್ಮಾ. ಆದರೆ ಮಳೆ ಕಮ್ಮಿಯಾಯಿತು ಅಂತ ಸುಮ್ನೆ ಹೇಳಿದರೆ ತಪ್ಪು. ಒಂದು ಮಳೆಗೂ ಇನ್ನೊಂದು ಮಳೆಗೂ ನಡುವಿನ ಬಿಡುವು ಉದ್ದವಾಗಿದೆ. ಬಂದರೆ ಎರಡೇ ದಿನದಲ್ಲಿ ಬದು ಒಡೆಯುವಷ್ಟು ಹೊಯ್ಯುತ್ತದೆ. ಆಮೇಲೆ ಮೂರು ವಾರ ಪತ್ತೆ ಇರುವುದಿಲ್ಲ.

2019ರ ಆಗಸ್ಟ್ ಮೊದಲ ವಾರ ನನ್ನ ಹೊಲದಲ್ಲಿ ನೀರು ನಿಂತು ಗೋವಿನಜೋಳ ಹಳದಿಯಾಯಿತು. 2023ರಲ್ಲಿ ಮುಂಗಾರು ತಡವಾಯಿತು, ಜುಲೈನಲ್ಲಿ ಬಿತ್ತಿದೆ. ಬೆಳೆ ಚೆನ್ನಾಗೇ ಎದ್ದಿತ್ತು. ಸೂಲಂಗಿ, ಅಂದರೆ ತುದಿಯ ಗಂಡು ಹೂವು, ಬರುವ ಹೊತ್ತಿಗೆ ಆಗಸ್ಟ್ ಒಣಗಿ ಹೋಯಿತು. ‘ಮಘೆ ಮಳೆ ಬಂದಷ್ಟು ಒಳ್ಳೇದು’ ಅನ್ನೋರು ಹಿರಿಯರು. ಆಗಸ್ಟ್ ಕೊನೆಯ ಆ ಮಘೆ ಆ ವರ್ಷ ಬರಲೇ ಇಲ್ಲ. ತೆನೆ ಇತ್ತು, ಕಾಳಿರಲಿಲ್ಲ. ರಾಜ್ಯದ 223 ತಾಲ್ಲೂಕುಗಳಲ್ಲಿ ಬರ ಅಂತ ಘೋಷಿಸಿದ ವರ್ಷ ಅದು.

ಅಪ್ಪನವರ ಗಾದೆ ಸುಳ್ಳಲ್ಲ. ಅದರಲ್ಲಿರುವ ಜೋಳ ಬೇರೆ, ಅಷ್ಟೇ. ನಮ್ಮ ಹಳೆ ಜೋಳ ಬಿಸಿಲು ತಡೆದುಕೊಳ್ಳುತ್ತಿತ್ತು. ಗೋವಿನಜೋಳಕ್ಕೆ ಬಿತ್ತಿದ 50-60 ದಿನಕ್ಕೆ, ಹೂವಿನ ಹೊತ್ತಲ್ಲಿ ಹಸಿ ತಪ್ಪಿದರೆ ಮುಗಿಯಿತು. ಬೆಳೆ ಬದಲಾಯಿಸಿದ್ದು ನಾವೇ ಅಲ್ವಾ? ಎಲ್ಲಾ ತಪ್ಪನ್ನೂ ಮೋಡದ ಮೇಲೆ ಹಾಕಿದರೆ ಆಗಲ್ಲ.

ಈಗ ನಾನು ಮೊದಲ ಮಳೆಗೆ ಹೊಲ ಹರಗಿ ಬಿಡುತ್ತೇನೆ, ಬಿತ್ತುವುದಿಲ್ಲ. ಎರಡನೇ ಹದ ಮಳೆ ಆದ ಮೇಲೆ ಗುದ್ದಲಿಯಲ್ಲಿ ಅಗೆದು ನೋಡುತ್ತೇನೆ. ಒಂದು ಗೇಣು ಹಸಿ ಇಳಿದಿದ್ದರೆ ಮಾತ್ರ ಬೀಜದ ಚೀಲ ಬಿಚ್ಚುವುದು. ಮೂರೂ ಎಕರೆಗೆ ಒಂದೇ ದಿನ ಬಿತ್ತಬೇಡ, ಹತ್ತು ಹನ್ನೆರಡು ದಿನದ ಅಂತರ ಇರಲಿ. ನಡುವೆ ತೊಗರಿಯ ಅಕ್ಕಡಿ ಸಾಲು ಹಾಕು.

ತೀರ್ಥಹಳ್ಳಿಯಿಂದ: ಈ ತೊಂದರೆ ಬಯಲು ಸೀಮೆಯವರಿಗೆ ಮಾತ್ರ ಅಂದುಕೊಳ್ಳಬೇಡಿ. ಆಗುಂಬೆ ಮಳೆ ನೋಡಿ ಬೆಳೆದ ನಮಗೂ ಏಪ್ರಿಲ್‌ನಲ್ಲಿ ಬಾವಿ ತಳ ಕಾಣುತ್ತದೆ. ಅಡಿಕೆಗೆ ಕೊಳೆ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಲು ಎರಡು ದಿನ ಬಿಸಿಲು ಬೇಕು ಅಂದಾಗ ಬಿಡುವಿಲ್ಲ, ಬೇಡವಾದಾಗ ಬಿಸಿಲೋ ಬಿಸಿಲು.

ಸೊರಬದಿಂದ: ಮಳೆ ಬಿಡುವಿನ ಜೊತೆ ಸುಳಿ ತಿನ್ನುವ ಫಾಲ್ ಸೈನಿಕ ಹುಳುವೂ ಬರುತ್ತದೆ, ಅದನ್ನು ಮರೆಯಬೇಡಿ. 2018ರಲ್ಲಿ ದೇಶದಲ್ಲೇ ಮೊದಲು ಕಂಡದ್ದು ನಮ್ಮ ಶಿವಮೊಗ್ಗದ ಗೋವಿನಜೋಳದಲ್ಲಿ. ಜೋರು ಮಳೆ ಬಿದ್ದರೆ ಮರಿಹುಳು ಸ್ವಲ್ಪ ಸಾಯುತ್ತವೆ, ಒಣ ಹವೆಯಲ್ಲಿ ಜಾಸ್ತಿ. ಹದಿನೈದು ದಿನದ ಪೈರಿನಿಂದಲೇ ಸುಳಿ ಬಿಡಿಸಿ ನೋಡುತ್ತಿರಿ.

ಕೇಳಿದವರು: ಬೆಳೆ ವಿಮೆ ಮಾಡಿಸಿದರೆ ಪ್ರಯೋಜನ ಇದೆಯಾ?

ಶಿಕಾರಿಪುರದಿಂದ: ಮಾಡಿಸು. ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇ 2ರಷ್ಟು ಕಂತು ರೈತನದು. ಆದರೆ ಅದನ್ನೇ ನಂಬಿ ಕೂರಬೇಡ. ನಿನ್ನ ಹೊಲ ಒಂದನ್ನೇ ನೋಡಿ ಕೊಡುವುದಲ್ಲ, ಪಂಚಾಯಿತಿಯಂಥ ಇಡೀ ವಿಮಾ ಘಟಕದ ಸರಾಸರಿ ಇಳುವರಿ ನೋಡುತ್ತಾರೆ. 2023ರಲ್ಲಿ ಅಂಥ ಬೆಳೆ ಹೋದರೂ ನನಗೆ ಬಂದದ್ದು ಬೀಜ ಗೊಬ್ಬರದ ಖರ್ಚಿಗೂ ಸಾಲಲಿಲ್ಲ. ಹೊಲದಲ್ಲಿ ನೀರು ನಿಂತೋ ಆಲಿಕಲ್ಲು ಬಿದ್ದೋ ಹಾಳಾದಂಥ ಸಂದರ್ಭದಲ್ಲಿ ಒಬ್ಬೊಬ್ಬರದೂ ನೋಡುತ್ತಾರೆ. ಅದಕ್ಕೆ 72 ಗಂಟೆಯೊಳಗೆ ದೂರು ಕೊಡಬೇಕು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಕೇಳಿದವರು: ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. ಹಳೆ ಜೋಳದ ಮಾತಿಗೆ ನಕ್ಕರು. ಒಂದು ಎಕರೆ ರಾಗಿ ಮಾಡೋಣ ಅಂತಿದ್ದಾರೆ. ಮಳೆ ತಡವಾದರೆ ಆಗುತ್ತಾ?

ಶಿಕಾರಿಪುರದಿಂದ: ಆಗುತ್ತೆ. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿ ಮಾಡು. ಸಸಿಮಡಿ ಮನೆ ಹತ್ತಿರ ಹಾಕಿದರೆ ಕೊಡದ ನೀರಲ್ಲೇ ಉಳಿಸಬಹುದು. ಮಳೆ ಬಂದ ದಿನ ಗುಳಿಗೆ ಎರಡು ಸಸಿ ನೆಟ್ಟರಾಯಿತು. ಸಸಿ 20-25 ದಿನದ್ದಿರಲಿ. ಗುಳಿಗೆ ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಮರೆಯಬೇಡ.