ಕೇಳಿ ಹೇಳ್ತೀನಿ: ಇಂಟರ್‌ಫೆರಾನ್, ಮಂಗನ ಕಾಯಿಲೆ, ಲೂಪಸ್, ಕ್ಯಾನ್ಸರ್

ಎಲ್ರಿಗೂ ನಮಸ್ಕಾರ. ಅಡ್ಮಿನ್ ಬೆನ್ನು ಬಿದ್ದು ಬಿದ್ದು ಕೊನೆಗೂ ಕೂರಿಸಿದ್ರು. ನಾನು ಇಮ್ಯುನಾಲಜಿಸ್ಟ್, ಲ್ಯಾಬಲ್ಲಿ ಕೆಲಸ ಮಾಡೋಳು, ಪೇಷೆಂಟ್ ನೋಡೋ ಡಾಕ್ಟರ್ ಅಲ್ಲ, ಹಂಗಾಗಿ ರಿಪೋರ್ಟ್ ಫೋಟೋ ಹಾಕಿ ಮಾತ್ರೆ ಹೆಸರು ಕೇಳ್ಬೇಡಿ. ನನ್ನ ಕೆಲಸ ಇಂಟರ್‌ಫೆರಾನ್ ಅನ್ನೋ ಪ್ರೋಟೀನುಗಳ ಮೇಲೆ. ಈಗ ತೀರ್ಥಹಳ್ಳಿ ಹತ್ರ ಅಮ್ಮನ ಮನೇಲಿದೀನಿ, ಮಳೆ ಹಿಡ್ಕೊಂಡಿದೆ, ಕರೆಂಟ್ ನೋಡ್ಕೊಂಡು ಉತ್ತರ ಹಾಕ್ತೀನಿ.

ಪ್ರಶ್ನೆ (ಸಾಗರ): ಮೇಡಂ ಮೊದ್ಲು ಇಂಟರ್‌ಫೆರಾನ್ ಅಂದ್ರೆ ಎಂತದು ಅಂತ ಹೇಳಿ, ನಮಗೆ ಸೈನ್ಸ್ ಹತ್ತನೇ ಕ್ಲಾಸಿಗೇ ಮುಗೀತು.

ಉತ್ತರ: ರಾತ್ರಿ ಗದ್ದೆಗೆ ಹಂದಿ ನುಗ್ಗಿದ್ರೆ ಮಾಳದಲ್ಲಿ ಕೂತೋರು ಏನ್ಮಾಡ್ತಾರೆ, ಕೂಗು ಹಾಕ್ತಾರೆ ಅಲ್ವಾ. ಆ ಕೂಗಿಂದ ಅವರ ಗದ್ದೆ ಉಳಿಯತ್ತೋ ಇಲ್ವೋ, ಪಕ್ಕದ ಗದ್ದೆಯೋರು ಎದ್ದು ಡಬ್ಬ ಬಡಿಯೋಕೆ ಶುರು ಮಾಡ್ತಾರೆ. ವೈರಸ್ ಹೊಕ್ಕ ಜೀವಕೋಶ ಹಾಕೋ ಕೂಗೇ ಇಂಟರ್‌ಫೆರಾನ್. ಪಕ್ಕದ ಕೋಶಗಳ ಮೈಮೇಲೆ ಅದನ್ನ ಕೇಳಿಸ್ಕೊಳ್ಳೋ ರಿಸೆಪ್ಟರ್ ಇದೆ, ಅದು ತಟ್ಟಿದ ತಕ್ಷಣ ಒಳಗೆ ಜಾಕ್, ಸ್ಟಾಟ್ ಅನ್ನೋ ಪ್ರೋಟೀನುಗಳು ಸುದ್ದಿನ ನ್ಯೂಕ್ಲಿಯಸ್ಸಿಗೆ ಒಯ್ತವೆ, ನೂರಾರು ಜೀನ್‌ಗಳು ಆನ್ ಆಗ್ತವೆ. ಅವು ಮಾಡಿಸೋ ಪ್ರೋಟೀನುಗಳಲ್ಲಿ ಒಂದು, ವೈರಸ್ಸಿನ ಆರ್‌ಎನ್‌ಎನ, ಅಂದ್ರೆ ಅದರ ಜೀನ್ ಇರೋ ಎಳೆನ, ಕತ್ತರಿಸತ್ತೆ, ಇನ್ನೊಂದು ಪ್ರೋಟೀನ್ ತಯಾರಿಯನ್ನೇ ನಿಲ್ಲಿಸಿಬಿಡತ್ತೆ, ನಮ್ಮದೂ ನಿಲ್ಲಲಿ ವೈರಸ್ಸಿಂದೂ ನಿಲ್ಲಲಿ ಅಂತ.

ಇದನ್ನ ಕಂಡು ಹಿಡಿದು ಹೆಸರಿಟ್ಟಿದ್ದು 1957ರಲ್ಲಿ ಲಂಡನ್ನಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್. ಕಾಯಿಸಿ ಸಾಯಿಸಿದ ಫ್ಲೂ ವೈರಸ್‌ನ ಕೋಳಿಮೊಟ್ಟೆ ಒಳಗಿನ ಪೊರೆಗೆ ಹಾಕಿದ್ರು, ಆಮೇಲೆ ಆ ನೀರನ್ನ ಬೇರೆ ಪೊರೆಗೆ ಹಾಕಿದ್ರೆ ಅದ್ರಲ್ಲಿ ಬದುಕಿರೋ ವೈರಸ್ಸೂ ಬೆಳೀಲಿಲ್ಲ. ಅಡ್ಡಿ ಮಾಡೋದು ಅನ್ನೋಕೆ ಇಂಗ್ಲಿಷಲ್ಲಿ ಇಂಟರ್‌ಫಿಯರ್ ಅಂತಾರಲ್ಲ, ಹೆಸರು ಅಲ್ಲಿಂದ ಬಂತು. ಜಪಾನಿನ ನಗಾನೋ ಮತ್ತು ಕೊಜಿಮಾ 1954ರಲ್ಲೇ ಇಂಥದ್ದೇ ಒಂದನ್ನ ಕಂಡಿದ್ರು, ಅವರ ಹೆಸರು ಯಾರೂ ಹೇಳಲ್ಲ ಪಾಪ.

ಪ್ರಶ್ನೆ (ಭದ್ರಾವತಿ): ಜ್ವರ ಬಂದಾಗ ಮೈಕೈ ನೋವು, ಚಳಿ, ಸುಸ್ತು ಇದೆಲ್ಲ ವೈರಸ್ ಮಾಡೋದು ತಾನೆ?

ಉತ್ತರ: ಸುಮಾರು ಪಾಲು ನಮ್ಮದೇ ಕೂಗಿನ ಸದ್ದು. ಹೆಪಟೈಟಿಸ್ ಸಿ ಅನ್ನೋ ಲಿವರಿನ ವೈರಸ್ ಕಾಯಿಲೆ ಇದ್ದೋರಿಗೆ ಎಷ್ಟೋ ವರ್ಷ ಇಂಟರ್‌ಫೆರಾನ್ ಆಲ್ಫಾ (ಇಂಟರ್‌ಫೆರಾನ್‌ಗಳಲ್ಲೇ ಒಂದು ಜಾತಿ) ಇಂಜೆಕ್ಷನ್ನೇ ಚಿಕಿತ್ಸೆ ಆಗಿತ್ತು, ಚುಚ್ಚಿಸ್ಕೊಂಡ ಕೆಲವೇ ಗಂಟೇಲಿ ಚಳಿ ಜ್ವರ ಮೈನೋವು ಎಲ್ಲಾ ಬರೋದು, ಫ್ಲೂ ವೈರಸ್ ಒಂದೂ ಇರ್ತಿರ್ಲಿಲ್ಲ. ಕೆಲವರಿಗೆ ಡಿಪ್ರೆಶನ್ ಕೂಡ ಆಗ್ತಿತ್ತು, ಅದಕ್ಕೇ ಅರ್ಧಕ್ಕೆ ಬಿಟ್ಟೋರೂ ಇದ್ರು. 2013ರ ನಂತರ ನುಂಗೋ ಮಾತ್ರೆಗಳು ಬಂದ ಮೇಲೆ ಆ ಕಷ್ಟ ತಪ್ಪಿತು.

ಪ್ರಶ್ನೆ (ಸೊರಬ): ಹಂಗಾದ್ರೆ ನಮ್ಮ ಮಂಗನ ಕಾಯಿಲೆಗೆ ಈ ಇಂಜೆಕ್ಷನ್ ಕೊಟ್ರಾಗತ್ತಲ್ಲ? ವರ್ಷಾ ವರ್ಷಾ ಬೇಸಿಗೆ ಬಂತಂದ್ರೆ ಭಯ.

ಉತ್ತರ: ಈ ಪ್ರಶ್ನೆಗೋಸ್ಕರನೇ ಕಾಯ್ತಿದ್ದೆ. ನಿಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗ ಸತ್ತು ಆ ವೈರಸ್ ಗುರುತಾಗಿದ್ದು ಯಾವ ವರ್ಷ ಗೊತ್ತಾ, 1957. ಲಂಡನ್ನಲ್ಲಿ ಇಂಟರ್‌ಫೆರಾನ್‌ಗೆ ಹೆಸರಿಟ್ಟ ಅದೇ ವರ್ಷ. ನಾನು ಈ ಫೀಲ್ಡಿಗೆ ಬಂದಿದ್ದಕ್ಕೆ ಅರ್ಧ ಕಾರಣ ಇದೇ ಅನ್ಕೊಳ್ಳಿ.

ಈಗ ವಿಷಯ. ಮಂಗನ ಕಾಯಿಲೆ ವೈರಸ್ಸು ಡೆಂಗ್ಯೂ ವೈರಸ್ಸಿನ ಕುಟುಂಬದ್ದು, ಫ್ಲಾವಿವೈರಸ್, ಆದ್ರೆ ಇದು ಹರಡೋದು ಕಾಡಿನ ಉಣುಗು (ಉಣ್ಣೆ) ಕಚ್ಚಿ. ಈ ಕುಟುಂಬದೋರ ಹತ್ರ ಎನ್‌ಎಸ್5 ಅಂತ ಒಂದು ಪ್ರೋಟೀನ್ ಇದೆ, ಅದರ ಮೂಲ ಕೆಲಸ ವೈರಸ್ಸಿನ ಆರ್‌ಎನ್‌ಎ ಕಾಪಿ ಮಾಡೋದು, ಸೈಡಲ್ಲಿ ಕೂಗು ಕೇಳದ ಹಂಗೆ ಮಾಡೋದು. ಡೆಂಗ್ಯೂದು ನೇರವಾಗಿ ಸ್ಟಾಟ್2ನೇ ಕೆಡವಿ ಹಾಕತ್ತೆ. ಉಣುಗಿಂದ ಬರೋ ಕೆಲವು ವೈರಸ್‌ಗಳು ಇನ್ನೂ ಕಿಲಾಡಿ, ರಿಸೆಪ್ಟರೇ ಕೋಶದ ಮೇಲ್ಗಡೆ ಬರದ ಹಂಗೆ ನೋಡ್ಕೊಳ್ತವೆ. ಲ್ಯಾಬಿನ ಕೋಶಗಳಲ್ಲಿ ನೋಡಿದಾಗ ಮಂಗನ ಕಾಯಿಲೆ ವೈರಸ್ಸಿನ ಎನ್‌ಎಸ್5 ಕೂಡ ಇದೇ ಜಾತಿ. ಅಂದ್ರೆ ಕಿವಿಗೆ ಹತ್ತಿ ಇಟ್ಕೊಂಡೋನ ಹತ್ರ ಎಷ್ಟು ಡಬ್ಬ ಬಡಿದ್ರೂ ಅಷ್ಟೇ. ಜ್ವರ ಬಂದು ಆಸ್ಪತ್ರೆಗೆ ಬರೋ ಹೊತ್ತಿಗೆ ಹತ್ತಿ ಆಗ್ಲೇ ಇಟ್ಟಾಗಿರತ್ತೆ, ಅದಕ್ಕೇ ಇಂಜೆಕ್ಷನ್ ಮೇಲೆ ನಂಗೆ ಆಸೆ ಕಮ್ಮಿ. ಹಳೇ ಲಸಿಕೆನೂ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ನಿಲ್ಸಿದಾರೆ, ಹಂಗಾಗಿ ಸದ್ಯಕ್ಕೆ ದರಗು ಸೊಪ್ಪಿಗೆ ಹೋಗೋವಾಗ ಕೈಕಾಲಿಗೆ ಆರೋಗ್ಯ ಇಲಾಖೆ ಕೊಡೋ ಎಣ್ಣೆ ಹಚ್ಕೊಳ್ಳಿ, ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆನೂ ಬಿಸಿನೀರಿಗೆ. ಸತ್ತ ಮಂಗ ಕಂಡ್ರೆ ಮುಟ್ಬೇಡಿ, ಫೋನ್ ಮಾಡಿ ತಿಳಿಸಿ.

ಪ್ರಶ್ನೆ (ಶಿವಮೊಗ್ಗ): ನನ್ನ ತಂಗಿಗೆ ಲೂಪಸ್ ಇದೆ. ಇಮ್ಯುನಿಟಿ ಬೂಸ್ಟ್ ಮಾಡೋ ಪುಡಿ ಅಂತ ಒಬ್ರು ಕೊಟ್ಟಿದಾರೆ, ತಗೊಳ್ಬೋದಾ? ಮತ್ತೆ ಮಲೇರಿಯಾ ಮಾತ್ರೆ ಯಾಕೆ ಕೊಟ್ಟಿದಾರೋ ಗೊತ್ತಿಲ್ಲ, ಅವಳಿಗೆ ಮಲೇರಿಯಾ ಬಂದೇ ಇಲ್ಲ.

ಉತ್ತರ: ಬೂಸ್ಟ್ ಅನ್ನೋ ಪದ ಕೇಳಿದ್ರೆ ನಂಗೆ ಮೈ ಉರಿಯತ್ತೆ, ಸಿಟ್ಟು ನಿಮ್ಮ ಮೇಲಲ್ಲ. ಲೂಪಸ್ ಅಂದ್ರೆ ನಮ್ಮ ರೋಗನಿರೋಧಕ ಶಕ್ತಿ ನಮ್ಮ ಮೈಮೇಲೇ ತಿರುಗಿ ಬೀಳೋ ಕಾಯಿಲೆ, ಅದ್ರಲ್ಲಿ ಆಗಿರೋದೇ ಕೂಗು ನಿಲ್ಲದೇ ಇರೋದು. ಸತ್ತ ಕೋಶಗಳಿಂದ ಹೊರಗೆ ಬಿದ್ದ ನಮ್ಮದೇ ಡಿಎನ್‌ಎ ಆರ್‌ಎನ್‌ಎನ ವೈರಸ್ ಅಂತ ತಪ್ಪು ತಿಳ್ಕೊಂಡು ಕೋಶಗಳು ಇಂಟರ್‌ಫೆರಾನ್ ಸುರೀತಾನೇ ಇರ್ತವೆ, ಹಂದಿ ಇಲ್ದೇ ದಿನಾ ರಾತ್ರಿ ಡಬ್ಬ ಬಡಿದ ಹಂಗೆ, ಕೊನೆಗೆ ಪೈರು ತುಳಿದು ಹಾಳಾಗೋದು ನಮ್ಮೋರ ಕಾಲಲ್ಲೇ. ತುಂಬಾ ರೋಗಿಗಳ ರಕ್ತದಲ್ಲಿ ಇಂಟರ್‌ಫೆರಾನ್‌ನಿಂದ ಆನ್ ಆಗೋ ಜೀನ್‌ಗಳು ಜೋರಾಗಿ ಕೆಲಸ ಮಾಡ್ತಿರೋದು ಕಾಣತ್ತೆ. ಬೇರೆ ಕಾಯಿಲೆಗೆ ಇಂಟರ್‌ಫೆರಾನ್ ಇಂಜೆಕ್ಷನ್ ತಗೊಂಡ ಕೆಲವರಿಗೆ ಲೂಪಸ್ ಥರದ್ದೇ ಶುರುವಾಗಿದ್ದೂ ಇದೆ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಅನಿಫ್ರೊಲುಮ್ಯಾಬ್ ಅನ್ನೋ ಔಷಧಿ ಮಾಡೋದು ಇಷ್ಟೇ, ಇಂಟರ್‌ಫೆರಾನ್ ರಿಸೆಪ್ಟರಿನ ಬಾಗಿಲು ಮುಚ್ಚೋದು.

ಇನ್ನು ಆ ಮಲೇರಿಯಾ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಇರ್ಬೇಕು. ಡಿಎನ್‌ಎ ಆರ್‌ಎನ್‌ಎ ನೋಡಿ ಗಾಬರಿ ಆಗೋ ಸೆನ್ಸರ್‌ಗಳನ್ನ ಅದು ತಣ್ಣಗೆ ಮಾಡತ್ತೆ, ಲೂಪಸ್ಸಿಗೆ ಹಳೇ ನಂಬಿಕಸ್ಥ ಔಷಧಿ. ದಯವಿಟ್ಟು ನಿಲ್ಸೋಕೆ ಬಿಡ್ಬೇಡಿ. ಪುಡಿ ಪ್ಯಾಕೆಟ್ಟನ್ನ ಅವಳ ಡಾಕ್ಟರಿಗೆ ತೋರಿಸದೆ ಬಾಯಿಗೆ ಹಾಕೋದು ಬೇಡ.

ಪ್ರಶ್ನೆ (ಹೊಸನಗರ): ಕೋವಿಡ್ಡಲ್ಲಿ ಗಟ್ಟಿಮುಟ್ಟಾಗಿದ್ದೋರೇ ಕೆಲವರು ಹೋಗ್ಬಿಟ್ರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ಉತ್ತರ: ಕೆಲವರಲ್ಲಿ ಇತ್ತು. 2020ರಲ್ಲಿ ಗೊತ್ತಾಗಿದ್ದು ಏನಂದ್ರೆ, ತೀರಾ ಸೀರಿಯಸ್ ಆದೋರಲ್ಲಿ ನೂರಕ್ಕೆ ಹತ್ತು ಜನರ ಹತ್ರ ತಮ್ಮದೇ ಇಂಟರ್‌ಫೆರಾನ್‌ನ ಹಿಡಿದು ಹಾಕೋ ಆ್ಯಂಟಿಬಾಡಿ ಇತ್ತು. ಮಾಳದಲ್ಲಿ ಕೂತೋನ ಬಾಯಿ ಕಟ್ಟಿದ ಹಂಗೆ. ಹೊರಗಿಂದ ನೋಡೋಕೆ ಎಲ್ಲಾ ಸರಿ ಇರೋರೇ, ವಯಸ್ಸಾದೋರಲ್ಲಿ ಇದು ಜಾಸ್ತಿ.

ಪ್ರಶ್ನೆ (ಶಿಕಾರಿಪುರ): ಟಿಬಿ ಟೆಸ್ಟ್ ರಿಪೋರ್ಟಲ್ಲಿ ಇಂಟರ್‌ಫೆರಾನ್ ಗಾಮಾ ಅಂತ ಇದೆ. ನಂಗೆ ಹೇಳ್ದೇ ಕೊಟ್ಬಿಟ್ರಾ?

ಉತ್ತರ: ಇಲ್ಲ ಮಾರಾಯ್ರೆ, ಕೊಟ್ಟಿಲ್ಲ, ತೆಗೆದಿದ್ದು ಅಷ್ಟೆ! ನಿಮ್ಮ ರಕ್ತಕ್ಕೆ ಟಿಬಿ ಬ್ಯಾಕ್ಟೀರಿಯಾದ ಪ್ರೋಟೀನ್ ಚೂರು ತೋರಿಸಿ ಗಾಮಾ, ಅಂದ್ರೆ ಇಂಟರ್‌ಫೆರಾನ್‌ನ ಇನ್ನೊಂದು ಜಾತಿ, ಬಿಡತ್ತಾ ಅಂತ ನೋಡ್ತಾರೆ. ಬಿಟ್ರೆ ನಿಮ್ಮ ಟಿ ಕೋಶಗಳಿಗೆ (ರೋಗದ ಜೊತೆ ಹೋರಾಡೋ ಒಂದು ಜಾತಿ ಬಿಳಿ ರಕ್ತಕಣ) ಟಿಬಿ ಬ್ಯಾಕ್ಟೀರಿಯಾದ ಪರಿಚಯ ಇದೆ ಅಂತ. ಈಗ ಕಾಯಿಲೆ ಇದೆಯಾ ಅನ್ನೋದಕ್ಕೆ ಎಕ್ಸ್‌ರೇ, ಕಫ ಬೇರೆ ನೋಡ್ಬೇಕು.

ಪ್ರಶ್ನೆ (ತೀರ್ಥಹಳ್ಳಿ): ಕ್ಯಾನ್ಸರಿಗೂ ಕೊಡ್ತಿದ್ರಂತೆ? ನಮ್ಮ ಕಡೆ ಬಾಯಿ ಕ್ಯಾನ್ಸರ್ ಜಾಸ್ತಿ ಕೇಳ್ತಿದೀವಿ.

ಉತ್ತರ: ಒಂದು ಕಾಲದಲ್ಲಿ ಇದೇ ರಾಮಬಾಣ ಅಂತ ಕುಣಿದಾಡಿದ್ರು. ಆಗ ಫಿನ್ಲೆಂಡಿನ ಕಾರಿ ಕಾಂಟೆಲ್ ಅನ್ನೋರು ರಕ್ತದಾನದಲ್ಲಿ ಬಂದ ಬಿಳಿ ರಕ್ತಕಣದಿಂದ ಚೂರು ಚೂರು ತೆಗೆದು ಕೊಡ್ತಿದ್ರು, 1980ರಲ್ಲಿ ಜೀನ್ ಕ್ಲೋನ್ ಆದ ಮೇಲೆ ಬ್ಯಾಕ್ಟೀರಿಯಾದಲ್ಲೇ ಬೇಕಾದಷ್ಟು ಮಾಡ್ಬೋದಾಯ್ತು, 1986ರಲ್ಲಿ ಹೇರಿ ಸೆಲ್ ಲ್ಯುಕೇಮಿಯಾ ಅನ್ನೋ ಅಪರೂಪದ ರಕ್ತ ಕ್ಯಾನ್ಸರಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಉಳಿದ ಬಹಳಷ್ಟು ಕ್ಯಾನ್ಸರುಗಳಲ್ಲಿ ಅಂದ್ಕೊಂಡಷ್ಟು ಆಗ್ಲಿಲ್ಲ.

ಯಾಕೆ ಅನ್ನೋದು ಆಮೇಲೆ ಗೊತ್ತಾಗ್ತಾ ಬಂತು. ಟಿ ಕೋಶಗಳು ಗಾಮಾ ಬಿಟ್ರೆ ಗೆಡ್ಡೆಯ ಕೋಶಗಳು ತಮ್ಮ ಒಳಗಿನ ಗುರುತನ್ನ ಹೊರಗೆ ತೋರಿಸ್ಲೇಬೇಕಾಗತ್ತೆ, ಸಿಕ್ಕಿ ಬೀಳ್ತವೆ, ಅದು ಒಳ್ಳೇದು. ಆದ್ರೆ ಅದೇ ಗಾಮಾ ಕೇಳಿ ಪಿಡಿ‑ಎಲ್1 ಅನ್ನೋದನ್ನೂ ಮೈಮೇಲೆ ತರ್ತವೆ, ಅದು ಟಿ ಕೋಶಕ್ಕೆ ಸಾಕು ನಿಲ್ಲಿಸು ಅನ್ನೋ ಸನ್ನೆ. ಈಗಿನ ಇಮ್ಯುನೋಥೆರಪಿ ಔಷಧಿಗಳು ಆ ಸನ್ನೆನ ತಡೀತವೆ, ಬಾಯಿ ಗಂಟಲು ಕ್ಯಾನ್ಸರಿಗೂ ಕೆಲವರಿಗೆ ಕೊಡ್ತಾರೆ. ಕೆಲವು ಗೆಡ್ಡೆಗಳು ಜಾಕ್ ಜೀನನ್ನೇ ಕಳ್ಕೊಂಡು ಕೂಗು ಕೇಳಿಸ್ಕೊಳ್ಳೋದನ್ನ ಬಿಟ್ಟು ಮತ್ತೆ ಬೆಳೀತವೆ, ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರಲ್ಲಿ 2016ರಲ್ಲಿ ಇದನ್ನ ತೋರಿಸಿದ್ರು. ವೈರಸ್ ಮಾಡಿದ ಕಳ್ಳಾಟನೇ ಗೆಡ್ಡೆನೂ ಮಾಡೋದು, ನನ್ನ ಕೆಲಸದಲ್ಲಿ ನಂಗೆ ಅತೀ ಇಷ್ಟ ಆಗೋದು, ಅತೀ ಸಿಟ್ಟು ಬರಿಸೋದೂ ಇದೇ.

ಬಾಯಿ ಕ್ಯಾನ್ಸರ್ ಅಂದ್ರಿ ಅಂತ ಹೇಳ್ತೀನಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆನ, ತಂಬಾಕು ಇಲ್ದೇ ಬರೀ ಅಡಿಕೆನ, ಕ್ಯಾನ್ಸರ್ ತರೋದು ಅಂತ ಪಟ್ಟಿಗೆ ಸೇರಿಸಿದೆ.

ಪ್ರತಿಕ್ರಿಯೆ (ಕೊಪ್ಪ): ಮೇಡಂ ಅಡಿಕೆ ಬಗ್ಗೆ ಬರೆದಿದ್ದು ಡಿಲೀಟ್ ಮಾಡಿ. ರೇಟ್ ಬಿದ್ರೆ ನೀವು ಬಂದು ಸಾಲ ಕಟ್ತೀರಾ?

ಉತ್ತರ: ನಮ್ಮದೂ ಎರಡೆಕ್ರೆ ತೋಟ ಇದೆ, ಕೊಳೆ ಬರ್ದಿರ್ಲಿ ಅಂತ ಬೋರ್ಡೋ ಹೊಡೆಸಿ ಅಪ್ಪ ಈಗ ಜಗಲೀಲಿ ಕೂತು ಎಲೆಯಡಿಕೆ ಹಾಕ್ತಿದಾರೆ, ಅವರೂ ನಿಮ್ಮ ಥರನೇ ಬೈದ್ರು. ಡಿಲೀಟ್ ಮಾಡಲ್ಲ. ಬೆಳೆ ವಿಷಯ ಬೇರೆ ದಿನ ಜಗಳ ಆಡೋಣ. ಈಗ ಒಂದ್ಸಲ ಬಾಯಿ ತೆಗೆದು ನಿಮ್ಮದೇ ಮೂರು ಬೆರಳು ಉದ್ದಕ್ಕೆ ಒಂದರ ಮೇಲೊಂದು ಒಳಗೆ ಹೋಗತ್ತಾ ನೋಡಿ. ಹೋಗ್ಲಿಲ್ಲ ಅಂದ್ರೆ, ಖಾರ ತಿಂದ್ರೆ ಉರಿ ಅಂದ್ರೆ, ವಾಸಿ ಆಗದ ಬಿಳಿ ಕಲೆ ಇದ್ರೆ, ಈ ವಾರನೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಅಪ್ಪಂಗೆ ಎರಡೂವರೆ ಬೆರಳು ಹೋಗ್ತಿದೆ, ನಾಳೆ ಕರ್ಕೊಂಡು ಹೋಗ್ತಿದೀನಿ.